ಬಾಳೆನಾರಿನ ಗಂಟು

ಮೂಕಂಡಪಲ್ಲಿ, ಹೊಸೂರು
14-9-2025, ಭಾನುವಾರ

ಪ್ರೀತಿಯ ಅಮ್ಮನಿಗೆ ಮುನೀಂದ್ರನ ನಮಸ್ಕಾರಗಳು.

ಹೇಗಿದ್ದೀಯಮ್ಮಾ? ಮಂಡಿ ನೋವು ಕಡಿಮೆಯಾಯಿತೇ? ಅಲ್ಲಿ ಊರಲ್ಲಿ, ತಳಿ ಕಡೆ, ಈಗಲೇ ಬೆಳಗಿನ ಹೊತ್ತು ಚಳಿ ಇರುತ್ತದೆ. ನಿನ್ನ ಕಂದು ಸ್ವೆಟರ್ ಇಲ್ಲೇ ಬಾಗಿಲ ಹಿಂದೆ ನೇತಾಡುತ್ತಿದೆ. ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆಯೂ ಇಲ್ಲೇ, ಫೋನೂ ಇಲ್ಲೇ. ಫೋನು ಮರೆತು ಹೋದೆ ಅಂತ ನಿನ್ನ ಸೊಸೆ ಶಾಂತಿ ಅಂದುಕೊಂಡಿದ್ದಾಳೆ. ಚಾರ್ಜರನ್ನು ನೀಟಾಗಿ ಸುತ್ತಿ ಅದರ ಪಕ್ಕದಲ್ಲೇ ಇಟ್ಟು ಹೋದವಳು ಮರೆತು ಹೋದವಳಲ್ಲ ಅಂತ ನನಗೆ ಗೊತ್ತು. ರಾಮಯ್ಯ ಮಾವನ ಫೋನಿಗೆ ಮೂರು ಸಲ ಮಾಡಿದೆ. ಮೂರು ಸಲವೂ ಬೈರಮ್ಮತ್ತೆ ಎತ್ತಿ, 'ನಿಮ್ಮಮ್ಮ ಹೂ ಬುಡ್ಸಾಕೆ ಹೋಗವ್ಳೆ ಕಣಪ್ಪಾ' ಅಂದರು. ಅದರಲ್ಲಿ ಒಂದು ಸಲ ಮಾಡಿದಾಗ ಸಂಜೆ ಏಳೂವರೆ. ಆ ಕತ್ತಲಲ್ಲಿ ಯಾವ ಹೂ ಬಿಡಿಸುತ್ತಿದ್ದೆಯೋ ನಾ ಕಾಣೆ! ಅದಕ್ಕೇ ಈ ಕಾಗದ. ಬೋಂಡಾ ಕಟ್ಟಿದ ಪೇಪರನ್ನೂ ಬಿಡಿಸಿ ಓದುವವಳು ನೀನು, ಮಗನ ಕಾಗದ ಓದದೆ ಇರುವುದಿಲ್ಲ ಅನ್ನುವ ಧೈರ್ಯ.

ಮೊದಲು ಮಗುವಿನ ಸುದ್ದಿ. ಭೂಮಿಕಾಗೆ ಈಗ ಜ್ವರ ಇಲ್ಲ. ನಿನ್ನೆ ಆಸ್ಪತ್ರೆಯಲ್ಲಿ ಮತ್ತೆ ರಕ್ತ ನೋಡಿದರು, ಎದೆಗೆ ವೈರು ಅಂಟಿಸಿ ಇನ್ನೊಂದು ಸಲ ಇಸಿಜಿ ತೆಗೆದರು. ಎರಡೂ ಚೆನ್ನಾಗಿದೆ ಅಂದರು. ಆದರೆ ಸೊರಗಿದ್ದಾಳೆ. ಎರಡೂವರೆ ವರ್ಷದ ಕೂಸು, ಮನೆಯೆಲ್ಲಾ ಓಡಿಕೊಂಡಿದ್ದವಳು, ಈಗ ಗೋಡೆಗೆ ಒರಗಿ ಕೂತಿರುತ್ತಾಳೆ. ನಿನ್ನ ಸ್ವೆಟರ್ ತೋರಿಸಿ 'ಅಜ್ಜಿ' ಅನ್ನುತ್ತಾಳೆ. ಮಂಗಳೂರಿಗೆ ಶಾಂತಿಯ ಅಣ್ಣನ ಮನೆಗೆ ಹೋಗಿ ಹತ್ತು ದಿನ ಇದ್ದು ಬಂದೆವಲ್ಲ, ಅಲ್ಲಿ ಸೊಳ್ಳೆ ಕಚ್ಚಿಯೇ ಮಲೇರಿಯಾ ಬಂದಿರಬೇಕು ಅಂತ ಡಾಕ್ಟರಮ್ಮ ಹೇಳಿದ್ದನ್ನು ನೀನೂ ಕೇಳಿದ್ದೆ. ಆದರೆ ಮಗು ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಮಲೇರಿಯಾದಿಂದ ಅಲ್ಲ, ಔಷಧಿಯಿಂದ. ಅದನ್ನು ಬರೆಯಬೇಕು ಅಂತಲೇ ಕೂತಿದ್ದೇನೆ, ಕೈ ಬೇರೆ ಏನೇನೋ ಬರೆಯುತ್ತಿದೆ.

ಹೋದ ಸೋಮವಾರ ಡಾಕ್ಟರಮ್ಮ ಮಗುವಿನ ತೂಕ ನೋಡಿ, ಹತ್ತು ಕೆಜಿ ಇದೆ ಅಂತ ಅದರ ಪ್ರಕಾರ ಅಳತೆ ಬರೆದರು. ದಿನಕ್ಕೆ ಒಂದೇ ಸಲ. ಮೊದಲ ಎರಡು ದಿನ ಹತ್ತು ಹತ್ತು ಎಂಎಲ್, ಮೂರನೆಯ ದಿನ ಅದರ ಅರ್ಧ. ಏನಾದರೂ ತಿನ್ನಿಸಿದ ಮೇಲೆ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಅವರು ಕೊಟ್ಟ ಸೂಜಿ ಇಲ್ಲದ ಸಿರಿಂಜಿನಲ್ಲೇ ಅಳೆದು ಕೊಡಬೇಕು. ಇದು ಕೆಮ್ಮಿನ ಸಿರಪ್ ಇದ್ದ ಹಾಗಲ್ಲ, ಹೆಚ್ಚಾದರೆ ಮಗುವಿನ ಹೃದಯಕ್ಕೇ ಅಪಾಯ ಅಂತ ಎರಡು ಸಲ ಹೇಳಿದರು. ಮನೆಗೆ ಬಂದ ಕೂಡಲೇ ನೀನು ಒಳಲೆ ಹುಡುಕಿದೆ, ನನಗೆ ಹಾಲು ಹುಯ್ದ ಅದೇ ಹಿತ್ತಾಳೆ ಒಳಲೆ. ನಾನು ರೇಗಿದೆ. ನೀನು ಒಳಲೆ ಕೆಳಗಿಟ್ಟು ಸಿರಿಂಜು ತೆಗೆದುಕೊಂಡೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಅದು ನುಂಗಿದ ಮೇಲೆ ಮತ್ತೆ ಬಿಟ್ಟೆ. ಅಷ್ಟು ಕಹಿ ಔಷಧಿ, ಒಂದು ಹನಿ ಆಚೆ ಬರಲಿಲ್ಲ.

ಆಮೇಲೆ ನನ್ನ ಜಾಣತನ. ಫ್ಯಾಕ್ಟರಿಯಲ್ಲಿ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರಿಗೆ ಮಿಷನ್ ಒಪ್ಪಿಸುವಾಗ ಏನೇನು ಆಯಿತು, ಏನು ಬಾಕಿ ಅಂತ ಬರೆದು ಸಹಿ ಹಾಕಬೇಕು. ಅದೇ ತರಹದ ಹಾಳೆ ಮಾಡಿ ಬೀರುವಿಗೆ ಅಂಟಿಸಿದೆ. ದಿನ, ಹೊತ್ತು, ಅಳತೆ, ಕೊಟ್ಟವರ ಸಹಿ. ಬರೆಯದೆ ಇದ್ದರೆ ಕೊಟ್ಟಿಲ್ಲ ಅಂತ ಅರ್ಥ, ಅಂತ ಸೂಪರ್‌ವೈಸರ್ ಗತ್ತಿನಲ್ಲಿ ಹೇಳಿದೆ. ಅಷ್ಟನ್ನೂ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದಿದ ನಮ್ಮಮ್ಮನಿಗೆ ಇಂಗ್ಲಿಷ್ ಹಾಳೆ! ನೀನು ನೋಡಿ ತಲೆಯಾಡಿಸಿದೆ. ತಿಳಿಯಲಿಲ್ಲ ಅನ್ನಲು ನಿನಗೆ ಸಂಕೋಚ, ತಿಳಿಯಿತಾ ಅಂತ ಕೇಳಲು ನನಗೆ ಪುರಸೊತ್ತಿಲ್ಲ.

ಮಂಗಳವಾರ ನಾನು ರಾತ್ರಿಯ ಥರ್ಡ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ, ಶಾಂತಿ ಕೆಲಸಕ್ಕೆ ಹೋಗಿದ್ದಳು. ಬೆಳಗ್ಗೆ ಹತ್ತು ಗಂಟೆ ಇರಬಹುದು, ನೀನು ಬಾಗಿಲಲ್ಲಿ ನಿಂತು 'ಏನ್ಲಾ, ಮಗೀಗೆ ಔಸ್ತಿ ಹುಯ್ದಿವ್ನಿ ಕಣ್ಲಾ' ಅಂದೆ. ನಾನು ಹ್ಞೂಂ ಅಂದೆ. ಕೇಳಿಸಲೇ ಇಲ್ಲ ಅಂತ ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದೆ. ಕೇಳಿಸಿತ್ತು ಅಮ್ಮಾ. ನಿದ್ದೆಯಲ್ಲಿ ಕೇಳಿಸಿತ್ತು, ಎದ್ದಾಗ ಮರೆತಿತ್ತು. ಮೂರು ಗಂಟೆಗೆ ಎದ್ದಾಗ ಫ್ಯಾಕ್ಟರಿಯ ಓಟಿಗೆ, ಓವರ್‌ಟೈಮ್ ಕೆಲಸಕ್ಕೆ, ಹೊತ್ತಾಗಿತ್ತು. ಮಗು ಆಡಿಕೊಂಡಿತ್ತು, ನೀನು ಪಕ್ಕದ ರಸ್ತೆಯ ರೇಷನ್ ಅಂಗಡಿಗೆ ಹೋಗಿದ್ದೆ. ಹಾಳೆ ನೋಡಿದೆ, ಸೋಮವಾರದ್ದನ್ನು ನಾನೇ ಬರೆದಿದ್ದೆ, ಮಂಗಳವಾರದ ಜಾಗ ಖಾಲಿ. ಬಾಟಲಿಯ ಕತ್ತಿಗೆ ಏನೋ ಬಾಳೆನಾರು ಸುತ್ತಿತ್ತು, ಔಷಧಿ ಮೆತ್ತಿ ಅಂಟಂಟಾಗಿತ್ತು. ಕಿತ್ತು ಎಸೆದೆ. ಹತ್ತು ಎಂಎಲ್ ಅಳೆದೆ, ಒಂದು ಗೆರೆಯೂ ಆಚೀಚೆ ಆಗದ ಹಾಗೆ ಅಳೆದೆ, ಕೊಟ್ಟೆ. ನೀನು ಬರುವವರೆಗೆ ಕಾದು ಒಂದು ಮಾತು ಕೇಳಿದ್ದರೆ ಓಟಿಗೆ ಹತ್ತು ನಿಮಿಷ ತಡವಾಗುತ್ತಿತ್ತು, ಅಷ್ಟೇ.

ಬೈಕು ತೆಗೆಯುವಷ್ಟರಲ್ಲಿ ನೀನು ಗೇಟಿನ ಹತ್ತಿರ ಸಿಕ್ಕಿದೆ. ಔಷಧಿ ಕೊಟ್ಟಿದ್ದೇನೆ ಅಂದಾಗ ನಿನ್ನ ಕೈಯಿಂದ ಅಕ್ಕಿ ಚೀಲ ಬಿತ್ತು. ಏನೂ ಆಗಲ್ಲ ಬಿಡು ಅಂತ ನಾನು ಬೈಕು ಹತ್ತಿದೆ. ನೀನು ಒಳಗೆ ಹೋಗಿ ಮಗುವನ್ನೂ ಬಾಟಲಿಯನ್ನೂ ಎತ್ತಿಕೊಂಡು ಬಂದು ಹಿಂದೆ ಕೂತೆ. 'ಆಸ್ಪತ್ರೆಗೆ ತಿರುಗ್ಸಲಾ' ಅಂದೆ. ದಾರಿಯಲ್ಲೇ ಮಗು ವಾಂತಿ ಮಾಡಿ ಕತ್ತು ವಾಲಿಸಿತು. ತಕ್ಷಣ ಕರೆದುಕೊಂಡು ಬಂದಿರಿ, ಬಾಟಲಿಯನ್ನೂ ತಂದಿರಿ, ಒಳ್ಳೆಯದಾಯಿತು ಅಂತ ಡಾಕ್ಟರಮ್ಮ ನನಗೆ ಹೇಳಿದರು. ಆ ಮಾತನ್ನು ನಾನು ಇಟ್ಟುಕೊಂಡೆ. ಎರಡನೆಯ ಸಲ ಕೊಟ್ಟವರು ಯಾರು ಅಂತ ಅವರು ಕೇಳಿದಾಗ ಮಾತ್ರ, ನೀನು ಪಕ್ಕದಲ್ಲೇ ನಿಂತಿರುವಾಗ, 'ಪಾಟಿ ತೆರಿಯಾಮ ರೆಂಡು ತಡವ ಕುಡುತ್ತುಟಾಂಗ' ಅಂದುಬಿಟ್ಟೆ. ಅಜ್ಜಿ ಗೊತ್ತಿಲ್ಲದೆ ಎರಡು ಸಲ ಕೊಟ್ಟುಬಿಟ್ಟರು ಅಂತ. ತಮಿಳಿನಲ್ಲಿ ಹೇಳಿದರೆ ಸುಳ್ಳು ಸ್ವಲ್ಪ ಕಡಿಮೆ ಆಗುತ್ತದೆ ಅಂದುಕೊಂಡೆನೋ ಏನೋ. ಸಂತೆಯಲ್ಲಿ ಅರ್ಧ ವ್ಯಾಪಾರ ತಮಿಳಿನಲ್ಲೇ ಮಾಡುವವಳು ನೀನು. ಎಲ್ಲಾ ತಿಳಿದೂ ತಲೆ ತಗ್ಗಿಸಿ ಮಗುವಿನ ಕಾಲು ಒತ್ತುತ್ತಾ ನಿಂತೆ. ನೀನು ಅಲ್ಲೇ ನನ್ನ ಕೆನ್ನೆಗೆ ಬಾರಿಸಬೇಕಿತ್ತು.

ಶಾಂತಿ ಬಂದಾಗ ಅದೇ ಸುಳ್ಳನ್ನು ಅವಳಿಗೂ ಹೇಳಿದೆ. ಗುರುವಾರ ಮಗುವನ್ನು ಮನೆಗೆ ಕರೆತಂದ ಮೇಲೆ ಅವಳು ನಿನಗೆ 'ಅತ್ತೆ, ಇನ್ಮೇಲೆ ನನ್ ಮಗೂನ ಮುಟ್ಬೇಡಿ' ಅಂದಾಗಲೂ ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿಕೊಂಡಿದ್ದೆ. ಅವಳದು ತಾಯಿ ಸಂಕಟ, ಅವಳನ್ನು ತಪ್ಪು ತಿಳಿಯಬೇಡ. ನೀನು ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಬೇಡಮ್ಮಾ ಅಂತ ಬಾಯಿಮಾತಿಗೂ ನಾನು ಅನ್ನಲಿಲ್ಲ.

ಇವತ್ತು ಬೆಳಗ್ಗೆ ಸಿರಿಂಜು ತೊಳೆಯುವಾಗ ಅಡುಗೆಮನೆ ಕಿಟಕಿಯ ಸಂದಿಯಲ್ಲಿ ಆ ಬಾಳೆನಾರು ಸಿಕ್ಕಿತು, ಇರುವೆ ಮುತ್ತಿತ್ತು. ಬಿಡಿಸಿ ನೋಡಿದರೆ ಎರಡು ಗಂಟು. ಸೋಮವಾರದ್ದು ಒಂದು, ಮಂಗಳವಾರದ್ದು ಒಂದು. ಊರಲ್ಲಿ ಸೇವಂತಿಗೆ ಕಟ್ಟುವಾಗ ಮಾರಿಗೊಂದು ಗಂಟು ಹಾಕುತ್ತಿದ್ದೆಯಲ್ಲ, ನೀನು ಹಟ್ಟಿಗೆ ಎದ್ದು ಹೋದರೂ ನಾನು ಬಂದು ಕೂತು ಮುಂದಕ್ಕೆ ಕಟ್ಟಲಿ ಅಂತ. ಆ ಗಂಟು ಕೈಗೆ ಸಿಕ್ಕಿದರೆ ಎಷ್ಟಾಗಿದೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದೆ ನಾನು. ನಿನ್ನ ಹಾಳೆ ನೀನು ಬರೆದೇ ಇಟ್ಟಿದ್ದೆ ಅಮ್ಮಾ. ನನಗೆ ಓದಲು ಬರುವ ಹಾಗೆಯೇ ಬರೆದಿದ್ದೆ. ಮೂರನೆಯದಕ್ಕೆ ಗಂಟಿಲ್ಲ, ಅದು ನಾನು ಕೊಟ್ಟದ್ದು.

ಈಗ ಒಂದು ಹೊಸ ತಾಪತ್ರಯ. ಆ ಸಿರಪ್ಪು ಇನ್ನು ಬೇಡ ಅಂದಿದ್ದಾರೆ. ಮಲೇರಿಯಾ ಮರುಕಳಿಸದ ಹಾಗೆ ಬೇರೆ ಸಣ್ಣ ಮಾತ್ರೆ, ದಿನಕ್ಕೊಂದು, ಹದಿನಾಲ್ಕು ದಿನ, ಒಂದು ದಿನವೂ ತಪ್ಪಬಾರದು. ಪುಡಿ ಮಾಡಿ ನೀರಲ್ಲಿ ಕರಗಿಸಿ ಸಿರಿಂಜಿನಲ್ಲಿ ಕೊಡಬೇಕು. ಬೆಳಗ್ಗೆ ಕೊಡಲು ಹೋದೆ. ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವನು, ಸಿರಿಂಜಿನ ಗೆರೆಯನ್ನು ಮೂರು ಸಲ ನೋಡಿಕೊಂಡೆ. ನನ್ನ ಕೈಯಲ್ಲಿ ಸಿರಿಂಜು ಕಂಡರೆ ಮಗು ಚೀರುತ್ತದೆ. ಬಹುಪಾಲು ಉಗುಳಿತು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ, ಮತ್ತೆ ಕೊಡಲು ಧೈರ್ಯ ಇಲ್ಲ. ನರ್ಸಮ್ಮನಿಗೆ ಫೋನು ಮಾಡಿದೆ. ಊಹೆಯ ಮೇಲೆ ಏನೂ ಕೊಡಬೇಡಿ, ಇವತ್ತಿಗೆ ಬಿಟ್ಟು ನಾಳೆಯಿಂದ ಹದಿನಾಲ್ಕು ಎಣಿಸಿ ಅಂದರು. ಶಾಂತಿ ಪ್ರಯತ್ನಿಸಿದರೂ ಬಾಯಿ ಬಿಡುವುದಿಲ್ಲ. ನೀನು ಬರಬೇಕು ಅಂತ ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಶಾಂತಿಗೆ ಇನ್ನೂ ನಿಜ ಹೇಳಿಲ್ಲ. ಆಸ್ಪತ್ರೆಯ ಚೀಟಿಯಲ್ಲೂ ಅಜ್ಜಿ ಅಂತಲೇ ಇದೆ. ಹೇಳುತ್ತೇನೆ, ಮಗು ಸ್ವಲ್ಪ ಚೇತರಿಸಿಕೊಳ್ಳಲಿ ಅಂತ ದಿನ ತಳ್ಳುತ್ತಿದ್ದೇನೆ. ನಿನ್ನ ಮಗ ಇಷ್ಟು ಹೇಡಿ ಅಂತ ನಿನಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಾವನಿಗೂ ಬೈರಮ್ಮತ್ತೆಗೂ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಕಾಲಿಗೆ ಬೀಳುತ್ತೇನೆ, ಕ್ಷಮಿಸು ಅಂತ ಕೇಳುವುದನ್ನು ಎದುರಿಗೇ ಕೇಳುತ್ತೇನೆ.

ನಿನ್ನ ಮಗ,
ಮುನೀಂದ್ರ

ಮರೆತ ಮಾತು: ಅಮ್ಮಾ, ಕವರು ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಮನಸ್ಸು ತಡೆಯದೆ ಕಾಗದವನ್ನು ಶಾಂತಿಯ ಕೈಗೆ ಕೊಟ್ಟೆ. ಪೂರ್ತಿ ಓದಿದಳು. ನನ್ನ ಮುಖ ನೋಡಲಿಲ್ಲ. ಫೋನು ಮಾಡಿ ರಜೆ ಹೇಳಿ, ಮಗುವಿನ ಬಟ್ಟೆ, ಮಾತ್ರೆ, ಸಿರಿಂಜು, ನಿನ್ನ ಸ್ವೆಟರ್ ಎಲ್ಲಾ ಚೀಲಕ್ಕೆ ತುಂಬಿದಳು. ನಾಳೆ ಬೆಳಗ್ಗೆ ಏಳರ ಬಸ್ಸಿಗೆ ಮಗುವನ್ನು ಎತ್ತಿಕೊಂಡು ನಿನ್ನ ಹತ್ತಿರ ಬರುತ್ತಿದ್ದಾಳೆ. ಈ ಕಾಗದವೂ ಅವಳ ಕೈಯಲ್ಲೇ ಬರುತ್ತದೆ. 'ಹದಿನಾಲ್ಕು ದಿನಾನೂ ಅತ್ತೆ ಕೈಲೇ ಕೊಡ್ಸೋದು, ನೀವು ಬರ್ಬೇಡಿ' ಅಂದಳು. ಅಳತೆಯನ್ನು ಕನ್ನಡದಲ್ಲಿ ಬರೆದು ಮಾತ್ರೆಯ ಜೊತೆ ಇಟ್ಟಿದ್ದೇನೆ. ಹೊಸ ಬಾಳೆನಾರೂ ಇಟ್ಟಿದ್ದೇನೆ. ಇವತ್ತಿನದನ್ನು ಮಗು ಉಗುಳಿತಲ್ಲ, ಅದಕ್ಕೆ ಗಂಟು ಹಾಕಿಲ್ಲ. ಮೊದಲನೆಯ ಗಂಟು ನೀನೇ ಹಾಕು.