ಕನ್ನಡಕ ತೋರಿಸಿದ ಅಕ್ಕ

ಮನೆಯಿಂದ,
ಜೂನ್ ೭, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಕೈಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಸೊಂಟನೋವು ಹೇಗಿದೆ? ಫೋನಿನಲ್ಲಿ ಅಮ್ಮನ ಮಾತೆತ್ತಿದರೆ ಸಾಕು, ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಎಷ್ಟು ಜಾಣ ಸಿಗ್ನಲ್ ತಾಯೀ ಅದು! ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದು. ನಾನು ಚೆನ್ನಾಗಿದ್ದೇನೆ, ಡಿಪೋದಲ್ಲಿ ಬಸ್ಸುಗಳಡಿ ಮಲಗಿ ಮುಖಕ್ಕೆಲ್ಲ ಗ್ರೀಸ್ ಬಳಿದುಕೊಳ್ಳುವುದು ತಪ್ಪಿಲ್ಲ.

ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ಹೋದ ವರ್ಷ ಒಂದು ಸಂಜೆ ನನ್ನನ್ನೇ ಹೊಲಿಗೆ ಅಂಗಡಿಯ ಗಿರಾಕಿ ಎಂದುಕೊಂಡು "ಯಾರಪ್ಪಾ ನೀನು? ಬಟ್ಟೆ ಇನ್ನೂ ಹೊಲಿದಿಲ್ಲ, ನಾಳೆ ಬಾ" ಎಂದು ಬಾಗಿಲಿನಿಂದ ವಾಪಸ್ ಕಳಿಸಿದಳು. ನಗಬೇಡ, ನಾನಂತೂ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಆಮೇಲೆ ಆಸ್ಪತ್ರೆಯವರು ಒಂದು ಕನ್ನಡಕ ಕೊಟ್ಟರು. ಎದುರಿಗೆ ಬಂದವರ ಮುಖ ನೋಡಿ, ಅವರು ಯಾರೆಂದು ಗಾಜಿನ ಮೇಲೆ ಬರೆದು ತೋರಿಸುತ್ತದೆ. ಕಾಣುವುದು ಹಾಕಿಕೊಂಡವರಿಗೆ ಮಾತ್ರ. ಮನೆಯವರ ಫೋಟೋಗಳನ್ನು ನಾವೇ ಅದಕ್ಕೆ ತುಂಬಬೇಕು. ತುಂಬಿದೆ. ಮರುದಿನವೇ "ಬಂದ್ಯಾ ಮಗನೇ? ಏನೋ ಇದು ನಿನ್ನ ಅವತಾರ, ಮೊದ್ಲು ಮುಖ ತೊಳ್ಕೋ" ಎಂದಳು. ಬೈಸಿಕೊಂಡು ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನಿನ್ನದು ಇದ್ದದ್ದು ಒಂದೇ ಫೋಟೋ, ನೀನು ಮನೆ ಬಿಡುವ ಮುಂಚಿನದು. ಆಮೇಲೆ ಒಂದಾದರೂ ಕಳಿಸಿದ್ದರೆ ತಾನೇ! ಅದನ್ನೇ ಹಾಕಿದೆ. ಆಗಲೇ ಎಡವಟ್ಟಾಯಿತು. ಅಮ್ಮನನ್ನು ನೋಡಿಕೊಳ್ಳಲು ಬಂದ ನರ್ಸಮ್ಮನದೂ ಆ ಫೋಟೋದಲ್ಲಿರುವಂಥದೇ ಅಗಲ ಹಣೆ, ಅದೇ ಮೊಂಡು ಗಲ್ಲ. ಕನ್ನಡಕ ಅವರನ್ನು ನೀನೆಂದು ತೋರಿಸಿತು. ಅವರು ಕೆಲಸಕ್ಕೆ ಸೇರಿದ ದಿನ ಅಮ್ಮ ಸುಮಾರು ಹೊತ್ತು ಅವರನ್ನೇ ನೋಡುತ್ತಾ ಕುಳಿತಿದ್ದಳು. ಆಮೇಲೆ ಎದ್ದುಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. "ಬಂದ್ಯಲ್ಲ, ಸಾಕು. ಹೊಲಿಗೆ ಅಂಗಡಿ ಬೇಡ, ಹಡಗು ಸೇರ್ತೀನಿ ಅಂದಿದ್ದಕ್ಕೆ ಮನೆ ಮೆಟ್ಟಿಲು ಹತ್ಬೇಡ ಅಂದ್ಬಿಟ್ಟೆನಲ್ಲೇ, ನನ್ನ ಬಾಯಿಗೆ ಬೆಂಕಿ ಬೀಳ! ತಪ್ಪಾಯ್ತು ಕಣೇ." ಅಕ್ಕಾ, ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನರ್ಸಮ್ಮ ಗಾಬರಿಯಾಗಿ ನನ್ನ ಮುಖ ನೋಡಿದರು. ಇವರು ಅಕ್ಕ ಅಲ್ಲಮ್ಮ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಕೊನೆಗೆ ಅವರೇ "ಆಯ್ತು ಬಿಡಮ್ಮ, ಅದನ್ನೆಲ್ಲ ಯಾವಾಗ್ಲೋ ಮರ್ತಿದ್ದೀನಿ" ಎಂದರು.

ಅಂದಿನಿಂದ ನೀನು ಈ ಮನೆಯಲ್ಲಿದ್ದೀಯ. ಅಮ್ಮನ ತಲೆ ಬಾಚುವವಳು ನೀನು, ಮಾತ್ರೆ ನುಂಗಿಸಲು ಹೋಗಿ ಬೈಸಿಕೊಳ್ಳುವವಳು ನೀನು. ಅಮ್ಮನಿಗೆ ಊಟ ಸೇರುತ್ತಿದೆ, ಮುಖದಲ್ಲಿ ಕಳೆ ಬಂದಿದೆ. ನರ್ಸಮ್ಮನ ಫೋಟೋ ಒಂದನ್ನು ಹಾಕಿ ಅವರು ಯಾರೆಂದು ಬರೆದರೆ ಎಲ್ಲ ಸರಿಹೋಗುತ್ತದೆ, ಚಿಟಿಕೆ ಹೊಡೆಯುವಷ್ಟರ ಕೆಲಸ. ಎಷ್ಟೋ ಸಲ ಕೂತೆ, ಮನಸ್ಸು ಬರಲಿಲ್ಲ. ಆದರೆ ನೀನು ಇಷ್ಟು ವರ್ಷ ಕಾದ ಮಾತು ಇನ್ನೊಬ್ಬರ ಪಾಲಾಗುವುದನ್ನು ಸುಮ್ಮನೆ ನೋಡುತ್ತಾ ನಿಂತೆ. ನನ್ನನ್ನು ಬೇಕಾದಷ್ಟು ಬೈ. ಅಮ್ಮ ತಪ್ಪಾಯ್ತು ಎಂದದ್ದು ಮಾತ್ರ ನಿನಗೇ, ಅದರಲ್ಲಿ ಅನುಮಾನ ಬೇಡ.

ಹಡಗಿನವರಿಗೆಲ್ಲ ಬಡಿಸಿ ನೀನು ಹಸಿದುಕೊಂಡು ಮಲಗಬೇಡ. ಆರೋಗ್ಯ ಜೋಪಾನ.

ನಿನ್ನ ತರಲೆ ತಮ್ಮ

ತಾ.ಕ.: ನರ್ಸಮ್ಮನ ಗಂಡನಿಗೆ ಬೇರೆ ಕಡೆ ವರ್ಗವಾಗಿದೆ, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾರೆ. ಅವರು ಬ್ಯಾಗ್ ಹಿಡಿದು ಬಾಗಿಲು ದಾಟಿದರೆ, ಅಮ್ಮನ ಕಣ್ಣಿಗೆ ಮತ್ತೊಮ್ಮೆ ಮನೆ ಬಿಟ್ಟು ಹೋಗುವವಳು ನೀನು. ಅಷ್ಟರೊಳಗೆ ಯಾವುದಾದರೂ ಬಂದರಿನಲ್ಲಿ ಇಳಿದು ಬಾ ಅಕ್ಕಾ. ಈಗಿನ ಫೋಟೋ ಒಂದನ್ನು ಇವತ್ತೇ ಕಳಿಸು. ನೀನು ಬಾಗಿಲಲ್ಲಿ ನಿಂತಾಗ ಕನ್ನಡಕ ಅಮ್ಮನಿಗೆ "ಅಪರಿಚಿತರು" ಎಂದು ತೋರಿಸಬಾರದು.