ಅಪ್ಪ ಹಿಡಿದ ಮೀನು

ನೈರೋಬಿ, ಭಾನುವಾರ

ಅಮ್ಮಾ,

ಫೋನ್ ಮಾಡಿದಾಗ ಅಪ್ಪನಿಗೆ ನೀನೇ ಸ್ವಲ್ಪ ಬುದ್ಧಿ ಹೇಳು, ನನಗಂತೂ ಸಾಕಾಗಿದೆ. ಇಲ್ಲಿ ಗಾಳ ಹಾಕುವ ಲೈಸೆನ್ಸಿನ ನಿಯಮ ಬದಲಾಗಿದೆ. ಹಿಡಿದ ಮೀನನ್ನು ಜೀವಂತವಾಗಿ ಹೊಳೆಗೇ ಬಿಡಬೇಕು. “ಮಲ್ಪೆಯವನಿಗೆ ಮೀನು ಬಿಡ್ಲಿಕ್ಕೆ ಹೇಳ್ತೀಯಾ?” ಎಂದು ಅಪ್ಪ ಅಲ್ಲಿನ ಗಾರ್ಡಿನ ಜೊತೆ ಕನ್ನಡದಲ್ಲೇ ಜಗಳಕ್ಕೆ ನಿಂತರು. ಕ್ಷಮೆ ಕೇಳಿದ್ದು ನಾನು.

ನಿನ್ನೆ ಒಬ್ಬರೇ ಹೋಗಿ, ಸಂಜೆ ದೊಡ್ಡ ಮೀನೊಂದನ್ನು ತಂದರು. “ಗಾರ್ಡಿನ ಕಣ್ಣು ತಪ್ಪಿಸಿ ತಂದೆ” ಎಂದು ಮೊಮ್ಮಕ್ಕಳ ಮುಂದೆ ಜಂಬ ಬೇರೆ. ಅಡುಗೆಮನೆಯಲ್ಲಿ ನೋಡಿದರೆ ಅದು ಅಂಗಡಿಯ ಫ್ರೀಜರಿನದು, ಹೊಟ್ಟೆ ಮೊದಲೇ ಶುಚಿ ಮಾಡಿದ್ದು. ನಾನು ಬಾಯಿ ಮುಚ್ಚಿಕೊಂಡು ಪುಳಿಮುಂಚಿ ಮಾಡಿ ಬಡಿಸಿದೆ.

ಬುದ್ಧಿ ಹೇಳುವ ಮೊದಲು, ಮೀನು ಎಷ್ಟು ದೊಡ್ಡದಿತ್ತು ಎಂದು ಕೇಳು.

ನಿನ್ನ ಮಗಳು,
ಮೈತ್ರಿ