ಘಟ್ಟದ ಮಣ್ಣಿನಲ್ಲಿ ಐರಿಸ್

೧೨ ಜೂನ್
ಐರಿಸ್ ಹೂವಿನ ಬೀಜ ನೆನೆಹಾಕಿದ ನೀರು ಬದಲಿಸಿದೆ. ಏನು ನಾತ! ಮೊಳಕೆ ತಡೆಯುವ ರಸವೆಲ್ಲ ತೊಳೆದು ಹೋಗಬೇಕಂತೆ. ಅಲ್ಲಿಯವರೆಗೆ ಈ ಕೊಳೆತ ನೀರಿನ ಚಾಕರಿ.
ಹೋದ ವರ್ಷ ಹಿಮಾಲಯದ ರಾಣಿಖೇತಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿ ನಾನೇ ಹಳದಿ ಹೂವಿನ ಪರಾಗ ನೇರಳೆ ಹೂವಿಗೆ ಹಚ್ಚಿ ಪಡೆದ ಬೀಜ. ಎಂಥ ಬಣ್ಣ ಬರುತ್ತದೋ ಯಾರೂ ನೋಡಿಲ್ಲ. ಊರಲ್ಲಿ ಅತ್ತೆ ಬಿದ್ದು ಕಾಲು ಮುರಿದುಕೊಂಡರು. ಗಂಡ ಅಲ್ಲೇ ಉಳಿದ, ಅವರನ್ನು ನೋಡಿಕೊಳ್ಳಲು ನಾನು ಕುಷ್ಟಗಿಗೆ ಬಂದೆ. ನನ್ನದು ಅಂತ ತಂದದ್ದು ಇದೊಂದೇ.

೨೫ ಜೂನ್
ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿ ಫ್ರಿಜ್ಜಿಗೆ. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ಅನಿಸಬೇಕು, ಆಮೇಲೆಯೇ ಏಳುವುದು. ಕುಷ್ಟಗಿಯಲ್ಲಿ ಚಳಿಗಾಲ ಸಿಗುವುದು ಮೊಸರಿನ ಪಕ್ಕದಲ್ಲಿ ಮಾತ್ರ.
"ಇದ್ಯಾವ ಕಾಳ ಶೈಲಾ? ಕುರಿ ಹಿಕ್ಕಿ ಇದ್ದಂಗ ಕಾಣ್ತಾವ," ಅತ್ತೆ.
"ಹೂವಿನ ಬೀಜ ರೀ ಅತ್ತಿ. ಮುಟ್ಟಬ್ಯಾಡ್ರಿ."
"ಥೂ, ಯಾರ ಮುಟ್ಟತಾರ!"

೯ ಆಗಸ್ಟ್
ನಿನ್ನೆಯಿಡೀ ಕರೆಂಟಿಲ್ಲ. ಡಬ್ಬಿ ತೆರೆದರೆ ಬೂಷ್ಟು, ಲೋಳೆ. ಒಂದೊಂದೇ ತಿಕ್ಕಿ ತೊಳೆದೆ, ಮೆತ್ತಗಾದದ್ದು ಎಸೆದೆ. ಊಟ ಸೇರಲಿಲ್ಲ. ಗಟ್ಟಿ ಇರುವವು ಇನ್ನೂ ಇವೆ.

೩೦ ಸೆಪ್ಟೆಂಬರ್
ಮುಟ್ಟಾಗಿದ್ದೇನೆ. ನವರಾತ್ರಿ ಬೇರೆ — ದೇವರ ಕೋಣೆಗಷ್ಟೇ ಅಲ್ಲ, ಅಡುಗೆಮನೆಗೂ ಹೋಗಬಾರದು. ನನ್ನ ತಾಟು ಬೇರೆ, ಚಾಪೆ ಬೇರೆ. ಅವರ ಸೇವೆಗೆ ಅಂತ ಬಂದವಳು ನಾನು; ಕುಂಟುತ್ತ ರೊಟ್ಟಿ ಬಡಿಯುವವರು ಅವರು. ಅಸಹ್ಯ. ತುಟಿ ಪಿಟಕ್ಕೆನ್ನದೆ ಕೂತ ನನ್ನ ಮೇಲೂ ಅಸಹ್ಯ.
ಡಬ್ಬಿ ತಂದುಕೊಡಿ, ಬಿತ್ತುವ ಹೊತ್ತಾಯಿತು ಅಂದೆ. ಅತ್ತೆ ನಕ್ಕರು.
"ಯಾವಾಗೋ ಹಾಕೇನಿ. ಘಟ್ಟದಾಗ, ಜ್ವಾಳದ ಸಂಗಾಟ. ಎಷ್ಟಂತ ಕಾಯ್ತಿ ನೀನು? ದೇವಿ ಮುಂದ ನಾಟಲಿ ಅಂತ ಹಾಕಿದೆ."
ಘಟ್ಟ ಅಂದರೆ ನವರಾತ್ರಿಗೆ ದೇವಿಯ ಮುಂದೆ ಮಣ್ಣು ಹರವಿ ಕಾಳು ಬಿತ್ತುವುದು. ದಸರೆಯ ದಿನ ಅದರ ಸಸಿ ಕಿತ್ತು ತುರುಬಿಗೆ ಮುಡಿಯುತ್ತಾರೆ. ಮಣ್ಣೆಲ್ಲ ಬಾವಿಗೆ. ನನ್ನ ಬೀಜವೂ ಬಾವಿಗೆ!
"ಮುಟ್ಟಬ್ಯಾಡ್ರಿ ಅಂದಿದ್ನಲ್ರಿ!"
"ನಿನ್ನ ಸಲುವಾಗೇ ಮುಟ್ಟೇನವ್ವ."


೧ ಅಕ್ಟೋಬರ್
ದೇವರ ಕೋಣೆಯ ಹೊಸ್ತಿಲ ಈಚೆಯಿಂದ ನೋಡಿದೆ. ಜೋಳ ಗೇಣುದ್ದ ಎದ್ದಿದೆ. ಒಂದು ಮೂಲೆ ಬೋಳು. ಪಕ್ಕದ ಮನೆಯ ಹೊಳಿಯಮ್ಮ ಅತ್ತೆಯ ಕಡೆ ತಿರುಗಿ ಲೊಚಗುಟ್ಟಿದಳು: "ಅಲ್ಲಿ ಹುಸಿ ಹೋಗೇತಲ್ಲಬೇ ಕಳಕಮ್ಮ." ಅತ್ತೆಯ ಮುಖ ಇಷ್ಟಾಯಿತು. ಘಟ್ಟದ ಕಾಳು ಮೊಳೆಯದೆ ಹುಸಿ ಹೋದರೆ ಮನೆಗೆ ಕೇಡಂತೆ.
ಆ ಮೂಲೆಯ ಮಣ್ಣಷ್ಟು ತೆಗೆದುಕೊಡಿ ಅಂತ ಅತ್ತೆಯನ್ನು ಬೇಡಿದೆ.
"ಘಟ್ಟ ಕೆದರಬಾರ್ದು. ಮನಿಗೆ ಛಲೋ ಅಲ್ಲ."

೨ ಅಕ್ಟೋಬರ್, ಬೆಳಿಗ್ಗೆ
ಇವತ್ತೇ ದಸರೆ. ಬಾವಿಗೆ ಹೋಗಲು ಹೆಂಗಸರು ಬರುವ ಹೊತ್ತು. ಹಾಳಾಗಿ ಹೋಗಲಿ ಅಂತ ಹೊಸ್ತಿಲು ದಾಟಿದೆ. ದೇವಿಯ ಮುಂದೆ ಕೂತು ಬೋಳು ಮೂಲೆಗೆ ಕೈ ಹಾಕಿದೆ. ಹಸಿ ಮಣ್ಣು, ಜೋಳದ ಬೇರು, ಹುಳಿ ವಾಸನೆ... ಒಂದು ಸಿಕ್ಕಿತು. ತುದಿಯಲ್ಲಿ ಬೆಳ್ಳಗೆ ಬೇರು!
ತಿರುಗಿದರೆ ಅತ್ತೆ, ಕೋಲೂರಿಕೊಂಡು. ನನ್ನ ಕೈ ನೋಡಿದರು, ದೇವಿಯನ್ನು ನೋಡಿದರು. ಮುಖದಲ್ಲಿ ಹೇಸಿಗೆ. ಮುಚ್ಚಿಡಲೂ ಇಲ್ಲ. ಆಮೇಲೆ ಕೋಲು ಗೋಡೆಗಿಟ್ಟು, ಮಡಚಲಾಗದ ಕಾಲು ಚಾಚಿ ಪಕ್ಕದಲ್ಲೇ ಕೂತರು.
"ಇನ್ನೂ ಅದಾವ. ಬಿರ್ರನ ಹುಡುಕು, ಮಂದಿ ಬರ್ತಾರ."
ಅವರ ಕೈ ನನ್ನ ಕೈಗೆ ತಾಗಿತು. ತೆಗೆಯಲಿಲ್ಲ. ಎರಡನೆಯದು ಸಿಕ್ಕಿದ್ದು ಅವರಿಗೇ. ಸೆರಗಿನಲ್ಲಿ ಒರೆಸಿ ನನ್ನ ಅಂಗೈಗೆ ಹಾಕಿದರು.
ಈಗ ಬಚ್ಚಲಿನಲ್ಲಿದ್ದಾರೆ. ನನ್ನನ್ನು ಮುಟ್ಟಿದ್ದಕ್ಕೆ ತಲೆಸ್ನಾನ. ಕೊಡ ಕೊಡ ನೀರು ಸುರಿದುಕೊಳ್ಳುವ ಸದ್ದು. ಮೈ ಉರಿಯುತ್ತಿದೆ ನನಗೆ, ಅಳುವೂ ಬರುತ್ತಿದೆ...
ಕೂಗುತ್ತಿದ್ದಾರೆ. "ಶೈಲಾ, ಕೈ ನಿಲುಕವಲ್ದು. ಬೆನ್ನ ತಿಕ್ಕ ಬಾ" — ನಾನು ಮುಟ್ಟಾದದ್ದು ಮರೆತು ಕರೆದರೋ, ಗೊತ್ತಿದ್ದೇ ಕರೆದರೋ. ಪೆನ್ನು ಇಟ್ಟು ಏಳುತ್ತೇನೆ.